ಅಗೆಯದೆ ಉಳಿದ ಒರತೆ

ಲವಾರ್ ರೋಬರಿ ಸೋಮಾರಿ. ಇದನ್ನು ಮೆತ್ತಗೆ ಹೇಳುವ ದಾರಿಯಿಲ್ಲ. ಅವನ ತಾಯಿ ಕೊನೆಯವರೆಗೂ ‘ಮಗು ಸ್ವಲ್ಪ ನಿಧಾನ’ ಎನ್ನುತ್ತಿದ್ದಳು. ಅವಳು ತೀರಿಕೊಂಡಾಗ ಮಗುವಿಗೆ ಮೂವತ್ತೊಂದು ವರ್ಷ. ಅದಾಗಿ ಇನ್ನೂ ಮೂವತ್ತು ವರ್ಷ ಕಳೆದಿತ್ತು, ನಿಧಾನ ಹಾಗೆಯೇ ಉಳಿದಿತ್ತು.

ಯಾರು ಯಾವ ಕೆಲಸ ಹೇಳಿದರೂ ಅವನು ಒಪ್ಪಿಕೊಳ್ಳುತ್ತಿದ್ದ, ಏಕೆಂದರೆ ಒಲ್ಲೆ ಎಂದರೆ ವಾದ ಮಾಡಬೇಕಾಗುತ್ತದೆ. ಒಪ್ಪಿಕೊಂಡ ಮೇಲೆ ಮಾಡುತ್ತಿರಲಿಲ್ಲ. ಕೈಯಿಂದ ಚಮಚ ಬಿದ್ದರೆ ಬಗ್ಗದೆ ಇನ್ನೊಂದು ಚಮಚಕ್ಕೆ ಕೈ ಚಾಚುತ್ತಿದ್ದ. ಒಮ್ಮೆ ತೆರೆದ ಗೇಟಿನಿಂದ ಕರುವೊಂದು ಹೊರಗೆ ಹೋಗುವುದನ್ನು ಜಗಲಿಯ ಮೇಲೆ ಕುಳಿತು ನೋಡಿದ್ದ. ಅದನ್ನು ಅಕ್ಕ ನೆಡ್ರಾಳಿಗೆ ಹೇಳಿದ್ದು ರಾತ್ರಿ ಊಟದ ಹೊತ್ತಿಗೆ. ‘ಚೆನ್ನಾಗಿ ನಡೀತಿತ್ತು,’ ಎಂದಿದ್ದ.

ನೆಡ್ರಾ ಅವನಿಗಿಂತ ಆರು ವರ್ಷ ದೊಡ್ಡವಳು. ಮದುವೆಯಾಗಲಿಲ್ಲ, ಪುರುಸೊತ್ತಾಗಲಿಲ್ಲ ಎಂದು ಅವಳೇ ಹೇಳುತ್ತಿದ್ದಳು. ನಲವತ್ಮೂರು ಹಸು, ಎರಡು ಹುಲ್ಲುಗಾವಲು, ಒಂದು ಮನೆ, ಒಬ್ಬ ತಮ್ಮ. ಇಷ್ಟನ್ನೂ ಅವಳೊಬ್ಬಳೇ ನಡೆಸಿಕೊಂಡು ಬಂದಿದ್ದಳು. ಟೆನ್ನಿ ಕಣಿವೆಯಲ್ಲಿ ಹೆಂಗಸರು ಹೀಗೆ ನಡೆಸುವುದು ಹೊಸದೇನಲ್ಲ. ಯೂಟಾ ಎಲ್ಲಿ ಮುಗಿದು ನೆವಾಡಾ ಎಲ್ಲಿ ಶುರುವಾಗುತ್ತದೆ ಎಂದು ಹಸುಗಳಿಗೂ ಗೊತ್ತಿಲ್ಲದ ಆ ಬಯಲಿನಲ್ಲಿ ಒಟ್ಟು ಹದಿನಾಲ್ಕು ಮನೆ, ಒಂದು ಚರ್ಚು, ಎಂಟು ಒರತೆಗಳಿದ್ದವು.

ಮಾರ್ಚ್ ತಿಂಗಳಲ್ಲಿ ಬೆಟ್ಟದ ಬುಡದಿಂದ ಹಿಮ ಹಿಂದೆ ಸರಿದ ಕೂಡಲೇ ಪ್ರತಿ ಮನೆಯವರೂ ತಮ್ಮ ಒರತೆಯ ಬಾಯಿ ತೆರೆಯಬೇಕು. ಇದು ಅಜ್ಜಂದಿರ ಕಾಲದಿಂದ ಬಂದ ಕಟ್ಟಳೆ. ನೀರಿನಲ್ಲಿ ಹಬ್ಬಿದ ಸೊಪ್ಪು ಕಿತ್ತು, ಹೂಳು ಬಾಚಿ, ಗರಸು ಕೆರೆದು, ನೀರು ಚಿಮ್ಮುವ ಜಾಗವನ್ನು ತೊಳೆದಿಟ್ಟ ಬಟ್ಟಲಿನಂತೆ ಮಾಡುವುದು. ಒರತೆ ಚೊಕ್ಕಟವಾಗಿದ್ದ ಮನೆಯ ಗಂಡಸಿಗೆ ಭಾನುವಾರ ಚರ್ಚಿನಲ್ಲಿ ಬೆನ್ನು ನೆಟ್ಟಗಿರುತ್ತಿತ್ತು. ಈಚಿನ ಇಪ್ಪತ್ತು ವರ್ಷಗಳಲ್ಲಿ ಏಳು ಒರತೆಗಳಿಗೆ ಕಾಂಕ್ರೀಟಿನ ಪೆಟ್ಟಿಗೆ ಕಟ್ಟಿ, ಮುಚ್ಚಳ ಹಾಕಿ, ಕೊಳವೆಯಲ್ಲಿ ನೀರನ್ನು ನೇರವಾಗಿ ತೊಟ್ಟಿಗೆ ಇಳಿಸಿದ್ದರು. ಎಂಟನೆಯದು ರೋಬರಿಗಳದ್ದು. ಅದರ ಬಾಯಿ ತೆರೆಯುವ ಕೆಲಸ ತಂದೆ ಸತ್ತಂದಿನಿಂದ ಲವಾರ್‌ನದ್ದು. ಅವನು ಪ್ರತಿ ಮಾರ್ಚಿನಲ್ಲೂ ಸಲಿಕೆ ಹಿಡಿದು ಹೋಗುತ್ತಿದ್ದ, ಸಲಿಕೆಯನ್ನು ದಂಡೆಗೆ ಒರಗಿಸುತ್ತಿದ್ದ, ಅದರ ನೆರಳಿನಲ್ಲಿ ಮಲಗುತ್ತಿದ್ದ.

ಆ ಜಾಗ ನಿದ್ದೆ ಬರಿಸುವಂಥದ್ದು ಎಂಬುದನ್ನು ಒಪ್ಪಬೇಕು. ಮುಂದೆ ಬಿಳಿ ಉಪ್ಪಿನ ಬಯಲು, ಅದರಾಚೆ ಬೆಟ್ಟಗಳು. ಬಿಸಿಲೇರಿದರೆ ಆ ಬೆಟ್ಟಗಳು ನೆಲ ಬಿಟ್ಟು ತೇಲುತ್ತವೆ, ಸಂಜೆಯಾದರೆ ಮತ್ತೆ ಇಳಿದು ಕೂರುತ್ತವೆ. ಒರತೆಯ ನೀರು ಬೇಸಿಗೆಯಲ್ಲಿ ತಣ್ಣಗೆ, ಚಳಿಗಾಲದಲ್ಲಿ ಬೆಚ್ಚಗೆ. ಅಸಲಿಗೆ ಎರಡೂ ಅಲ್ಲ, ವರ್ಷವಿಡೀ ಒಂದೇ ಹದ, ಬದಲಾಗುವುದು ಮುಟ್ಟುವ ಕೈ. ಜನವರಿಯ ಬೆಳಗ್ಗೆ ಅದರ ಮೇಲೆ ಆವಿ ನಿಂತಿರುತ್ತದೆ, ಯಾರೋ ಅಲ್ಲಿ ಒಲೆ ಹಚ್ಚಿ ಮರೆತುಹೋದಂತೆ. ಸೊಪ್ಪಿನ ಅಡಿಯಲ್ಲಿ ನೀರು ಹುಟ್ಟುವ ಕಡೆ ಮರಳಿನ ಕಣಗಳು ಮೇಲೆದ್ದು, ಹೊರಳಿ, ಮತ್ತೆ ಕೂತು, ಮತ್ತೆ ಏಳುತ್ತವೆ. ಅದಕ್ಕೆ ಮೊದಲು ಕೊನೆ ಇಲ್ಲ. ಅರ್ಧ ಗಂಟೆ ನೋಡಿದವನಿಗೆ ತಾನು ನೋಡಲು ಶುರು ಮಾಡಿದ್ದು ಇಂದೋ ನಿನ್ನೆಯೋ ಎಂಬುದು ತಿಳಿಯುವುದಿಲ್ಲ.

ಬಾಯಿ ತೆರೆಯದ ಒರತೆಯ ನೀರು ಸೊಪ್ಪಿನಲ್ಲಿ ಹರಡಿ, ಹಳೆಯ ಕಾಲುವೆಯ ಬಿರುಕುಗಳಲ್ಲಿ ಇಂಗಿ, ತೊಟ್ಟಿ ಸೇರುವ ಮೊದಲೇ ಮಾಯವಾಗುತ್ತಿತ್ತು. ಹಸುಗಳಿಗೆ ನೀರು ಬೇಕಲ್ಲ. ನೆಡ್ರಾ ಲಾರಿಯ ಮೇಲೆ ಟ್ಯಾಂಕು ಹೇರಿಕೊಂಡು, ದನ ಸಾಕಿಕೊಂಡೇ ಚರ್ಚನ್ನೂ ನಡೆಸುವ ಬಿಷಪ್ ಥೇನ್ ಹೆಪ್ವರ್ತನ ಕೊಳವೆ ಬಾವಿಗೆ ದಿನಕ್ಕೆ ಎರಡು ಸಲ ಹೋಗಿ ಬರುತ್ತಿದ್ದಳು. ತುಂಬಿದ ರಬ್ಬರು ಕೊಳವೆ ಎಳೆಯಲು, ತುಕ್ಕು ಹಿಡಿದ ತಿರುಪು ತಿರುಗಿಸಲು ಎರಡೂ ಕೈ ಬೇಕು. ಆ ವರ್ಷದ ವಸಂತದಲ್ಲಿ ಅವಳ ಬಲ ಭುಜ ಸೋಲತೊಡಗಿತು. ಪಟ್ಟಣದ ಡಾಕ್ಟರು, ಇನ್ನೊಂದು ಚಳಿಗಾಲ ಹೀಗೇ ಎಳೆದರೆ ಈ ಕೈ ತಲೆ ಬಾಚಲೂ ಏಳುವುದಿಲ್ಲ, ಹಸುಗಳನ್ನು ಮಾರಿಬಿಡಿ ಎಂದರು. ನೆಡ್ರಾ ಮನೆಗೆ ಬಂದು ಆ ಮಾತನ್ನು ಲವಾರ್‌ಗೆ ಹೇಳಿದಳು.

‘ಮಾರಬೇಡ,’ ಎಂದ ಅವನು.

‘ಮತ್ತೆ ಒರತೆ ಬಾಯಿ ತೆಗಿ.’

‘ತೆಗೀತೀನಿ,’ ಎಂದ. ಮಾತು ಅಲ್ಲಿಗೆ ಮುಗಿಯಿತು.

ಮೇ ತಿಂಗಳಲ್ಲಿ ರೀನೋ ನಗರದಿಂದ ಕಾರಿನ್ ವಾಸ್ಕೊ ಎಂಬ ಹೆಂಗಸು ಬಂದಳು. ನಲವತ್ತರ ಆಸುಪಾಸಿನವಳು, ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದಿತ್ತು. ಮರುಭೂಮಿಯ ಒರತೆಗಳಲ್ಲಿರುವ ಬಸವನಹುಳುಗಳನ್ನು ಎಣಿಸುವುದು ಅವಳ ಕೆಲಸ. ಕೈಯಲ್ಲಿ ಒಂದು ಬಿಳಿ ತಟ್ಟೆ, ಒಂದು ಟೀ ಸೋಸುವ ಜಾಲರಿ.

‘ಇದೇನಿದು?’ ಎಂದು ನೆಡ್ರಾ ಜಾಲರಿಯನ್ನು ತಿರುಗಿಸಿ ನೋಡಿದಳು.

‘ಟೀ ಸೋಸೋದು, ಅಷ್ಟೇ. ನಿಮ್ಮನೇಲಿ ಇಲ್ವಾ?’

‘ನಮ್ಮ ಧರ್ಮದಲ್ಲಿ ಟೀನೇ ಇಲ್ಲ. ಇದನ್ನ ಇಟ್ಕೊಂಡು ಏನು ಮಾಡ್ಲಿ?’

ಕಾರಿನ್ ಕಣಿವೆಯ ಏಳು ಒರತೆಗಳನ್ನು ಮುಗಿಸಿ ಬಂದಿದ್ದಳು. ಮುಚ್ಚಳ ಎತ್ತಿಸಿ ನೋಡಿದ್ದಳು. ಯಾವುದರಲ್ಲೂ ಏನೂ ಇರಲಿಲ್ಲ. ರೋಬರಿಗಳ ಒರತೆಯಲ್ಲಿ ಒಂದು ಕಡ್ಡಿ ಸೊಪ್ಪೆತ್ತಿ ತಟ್ಟೆಯ ನೀರಿನಲ್ಲಿ ಅಲುಗಿಸಿದಳು. ಸಾಸಿವೆ ಕಾಳಿನಷ್ಟು, ಕೆಲವು ಅದಕ್ಕಿಂತ ಸಣ್ಣವು, ಕಂದು ಚುಕ್ಕೆಗಳು ತಟ್ಟೆಯ ತಳಕ್ಕಿಳಿದವು. ಸ್ವಲ್ಪ ಹೊತ್ತಿಗೆ ಚುಕ್ಕೆಗಳು ನಡೆಯತೊಡಗಿದವು.

‘ಈ ಜಾತಿ ಹುಳು ಇರೋದು ಇಲ್ಲಿ ಮಾತ್ರ,’ ಎಂದಳು.

ಸಲಿಕೆಯ ನೆರಳಿನಲ್ಲಿ ಮಲಗಿದ್ದ ಲವಾರ್ ಟೋಪಿಯನ್ನು ಮುಖದಿಂದ ಸರಿಸಿದ. ‘ಇಲ್ಲಿ ಅಂದ್ರೆ ಈ ಕಣಿವೇಲಾ?’

‘ಇಲ್ಲಿ ಅಂದ್ರೆ ಇಲ್ಲಿ. ನೀರು ಹುಟ್ಟೋ ಜಾಗದಿಂದ ಇಪ್ಪತ್ತು ಹೆಜ್ಜೆ. ಅದರ ಕೆಳಗೆ ನೀರಿನ ಹದ ಬದಲಾಗುತ್ತೆ, ಅಲ್ಲಿ ಬದುಕಲ್ಲ. ಭೂಮಿ ಮೇಲೆ ಇವಕ್ಕೆ ಇರೋ ಜಾಗ ಇಷ್ಟೇ.’

‘ಹೊಸದಾಗಿ ಬಂದಿದ್ದಾ?’

‘ಇವು ಬಂದಿಲ್ಲ. ಮಿಕ್ಕಿದ್ದೆಲ್ಲ ಹೋಗಿದ್ದು. ಈ ಬಯಲೆಲ್ಲ ಒಂದು ಕಾಲದಲ್ಲಿ ದೊಡ್ಡ ಕೆರೆ. ನೀರು ಇಳೀತಾ ಹೋದ ಹಾಗೆ ಒಂದೊಂದು ಒರತೇಲಿ ಒಂದೊಂದು ಗುಂಪು ಉಳ್ಕೊಂಡ್ತು. ಆಮೇಲೆ ಒಬ್ಬರನ್ನೊಬ್ಬರು ನೋಡೇ ಇಲ್ಲ.’ ಅವಳು ಸುತ್ತ ನೋಡಿ ಕೇಳಿದಳು: ‘ಈ ಒರತೇನ ನೋಡ್ಕೊಳ್ಳೋದು ಯಾರು?’

‘ಯಾರೂ ಇಲ್ಲ,’ ಎಂದಳು ನೆಡ್ರಾ.

‘ಹಾಗಾದ್ರೆ ಉಳಿದಿರೋದೇ ಅದಕ್ಕೆ.’

ಈ ಮಾತು ಭಾನುವಾರದ ಹೊತ್ತಿಗೆ ಹದಿನಾಲ್ಕು ಮನೆಗಳನ್ನೂ ತಲುಪಿತ್ತು. ಚರ್ಚಿನ ಮೆಟ್ಟಿಲ ಮೇಲೆ ಗಂಡಸರು ಸಾಲಾಗಿ ನಿಂತು ಲವಾರ್‌ಗಾಗಿ ಕಾದರು. ‘ಬ್ರದರ್ ಲವಾರ್, ನಿನ್ನ ಮಂದೆ ಹೇಗಿದೆಯಪ್ಪಾ? ಕೊಬ್ಬಿವೆಯಾ?’ ಎಂದ ಒಬ್ಬ, ಚರ್ಚಿನವರು ಒಬ್ಬರನ್ನೊಬ್ಬರು ಬ್ರದರ್, ಸಿಸ್ಟರ್ ಎನ್ನುವ ರೂಢಿಯಂತೆ. ‘ಈ ಸಲ ಬರೆ ಹಾಕಿ ಗುರುತು ಮಾಡೋಕೆ ಸೂಜಿ ಬೇಕಾಗುತ್ತೆ,’ ಎಂದ ಇನ್ನೊಬ್ಬ. ಲವಾರ್ ಬೇಸರಿಸಲಿಲ್ಲ. ‘ಮೂವತ್ತು ವರ್ಷ ಕೆಲಸ ಮಾಡ್ದೆ ಕಾಪಾಡಿದ್ದೀನಿ,’ ಎಂದ ಶಾಂತವಾಗಿ. ‘ನೀವು ಒಂದು ದಿನ ಮಾಡ್ದೆ ಇದ್ದು ನೋಡಿ, ಗೊತ್ತಾಗುತ್ತೆ ಕಷ್ಟ.’

ನೆಡ್ರಾಳಿಗೆ ನಗು ಬರಲಿಲ್ಲ. ಅವಳ ಭುಜ ರಾತ್ರಿ ಒಂದು ಮಗ್ಗುಲಿಗೆ ಮಲಗಲು ಬಿಡುತ್ತಿರಲಿಲ್ಲ.

ಜುಲೈಯ ಒಂದು ಮಧ್ಯಾಹ್ನ, ಎರಡನೆಯ ಸಲ ನೀರು ತಂದು ಇಳಿಸಿದವಳು ಲಾರಿಯನ್ನು ಅಲ್ಲೇ ಬಿಟ್ಟು ಒರತೆಯ ಕಡೆ ನಡೆದಳು. ತಮ್ಮನನ್ನು ಬೈಯಬೇಕಿತ್ತು. ಬೈಗುಳವನ್ನು ದಾರಿಯುದ್ದಕ್ಕೂ ಒಂದೊಂದಾಗಿ ಜೋಡಿಸಿಕೊಂಡಿದ್ದಳು. ಲವಾರ್ ದಂಡೆಯಲ್ಲಿ ಬೋರಲು ಮಲಗಿದ್ದ. ಕಾರಿನ್ ಬಿಟ್ಟುಹೋದ ಭೂತಗನ್ನಡಿ ಅವನ ಕಣ್ಣಿಗಿತ್ತು. ಅಕ್ಕನ ಹೆಜ್ಜೆಯ ಸದ್ದು ಕೇಳಿ ತಿರುಗದೆ ಕನ್ನಡಿಯನ್ನು ಅವಳತ್ತ ಚಾಚಿದ.

‘ನೋಡು.’

‘ನಂಗೆ ನೋಡೋಕೆ ಬೇರೇನೂ ಇಲ್ವಾ?’

‘ಮಲ್ಕೊಂಡು ನೋಡಬೇಕು. ನಿಂತ್ರೆ ಕಾಣಲ್ಲ.’

ಅವಳಿಗೆ ಆಯಾಸವಾಗಿತ್ತು. ಮಲಗಿ ನೋಡಿದಳು, ಬೈಯುವುದು ಆಮೇಲೂ ಆಗುತ್ತದೆ ಎಂದುಕೊಂಡು.

ನೀರಿನ ಕೆಳಗೊಂದು ಕಲ್ಲು. ಕಲ್ಲಿನ ಮೇಲೆ ಹಸಿರು ಮೆತ್ತನೆಯ ಬಯಲು, ಬಯಲಿನ ತುಂಬ ಮೇಯುವ ಮಂದೆ. ಚಿಪ್ಪುಗಳು ಜೇನಿನ ಬಣ್ಣದವು, ಬೆಳಕು ಅವುಗಳನ್ನು ಹಾದು ಕಲ್ಲಿಗೆ ತಾಗುತ್ತಿತ್ತು. ಒಳಗೆ ಕಪ್ಪಗೆ ಏನೋ ಮಿಡಿಯುತ್ತಿತ್ತು. ಪ್ರತಿಯೊಂದೂ ಎರಡು ಕೂದಲೆಳೆಯಂಥ ಕೊಂಬುಗಳನ್ನು ಚಾಚಿ, ಮುಂದಿನ ಜಾಗವನ್ನು ಮುಟ್ಟಿ ನೋಡಿ, ಅವಸರವಿಲ್ಲದೆ ಮುಂದೆ ಹೋಗುತ್ತಿತ್ತು. ಮೇಲಿನಿಂದ ಎಲೆಯ ನೆರಳು ಮೋಡದಂತೆ ಅವುಗಳ ಮೇಲೆ ಹಾದುಹೋಗುತ್ತಿತ್ತು. ಅಲ್ಲಿ ಗಾಳಿಯಿರಲಿಲ್ಲ, ಹಿಮವಿರಲಿಲ್ಲ, ಜುಲೈ ಇರಲಿಲ್ಲ. ನೆಡ್ರಾಳಿಗೆ ತಾನು ಬಹಳ ಎತ್ತರದಿಂದ ಯಾವುದೋ ಕಣಿವೆಯನ್ನು ನೋಡುತ್ತಿದ್ದೇನೆ ಅನ್ನಿಸಿತು. ಅದರಲ್ಲಿ ಎಲ್ಲೋ ಹದಿನಾಲ್ಕು ಮನೆಗಳಿರಬೇಕು, ಲಾರಿ ನಡೆಸುವ ಒಬ್ಬ ಹೆಂಗಸಿರಬೇಕು. ಅವಳನ್ನು ಹುಡುಕಿದಳು. ಹುಡುಕುತ್ತಿದ್ದಂತೆ ತನ್ನ ತೋಳು ನೋಯುತ್ತಿಲ್ಲ ಎಂಬುದು ಎಲ್ಲೋ ದೂರದಲ್ಲಿ ತಿಳಿಯಿತು. ನಿದ್ದೆ ಮಾಡಿದಳೋ ಇಲ್ಲವೋ ಅವಳಿಗೇ ಗೊತ್ತಿಲ್ಲ. ಎದ್ದಾಗ ಬೆಟ್ಟಗಳು ನೆಲಕ್ಕೆ ಇಳಿದಿದ್ದವು, ಅವಳ ಕೆನ್ನೆಯ ಮೇಲೆ ಗರಸಿನ ಅಚ್ಚು ಬಿದ್ದಿತ್ತು.

‘ಮೂರು ಗಂಟೆ ಹೊತ್ತಾಯ್ತು ನೀನು ಮಲಗಿ,’ ಎಂದ ಲವಾರ್. ‘ಮೊದಲನೇ ಸಲಕ್ಕೆ ಪರವಾಗಿಲ್ಲ.’

ಹಸುಗಳ ಸಂಜೆಯ ಮೇವಿನ ಹೊತ್ತು ಮೀರಿತ್ತು. ನೆಡ್ರಾ ತಮ್ಮನಿಗಿಂತ ಹೆಚ್ಚಾಗಿ ಆ ನೀರಿನ ಮೇಲೆ ಸಿಟ್ಟುಮಾಡಿಕೊಂಡು ಮನೆಗೆ ಹೋದಳು. ಮರುದಿನ ಬೆಳಗ್ಗೆ ಮತ್ತೆ ಲಾರಿ, ಮತ್ತೆ ಕೊಳವೆ.

ಸೆಪ್ಟೆಂಬರಿನ ಮೊದಲ ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ, ಯಾರಿಗೆ ಯಾವ ಸಹಾಯ ಬೇಕು ಎಂದು ಬರೆಯುವ ಹಲಗೆ ಸಾಲಿನಿಂದ ಸಾಲಿಗೆ ಬಂತು. ಹನ್ನೆರಡು ವರ್ಷ ಅದನ್ನು ಬರೆಯದೆ ಮುಂದಕ್ಕೆ ದಾಟಿಸಿದ್ದ ನೆಡ್ರಾ ಅಂದು ಪೆನ್ಸಿಲು ಕೇಳಿ ಪಡೆದು ಎಡಗೈಯಲ್ಲಿ ಬರೆದಳು: ‘ಒರತೆಗೆ ಪೆಟ್ಟಿಗೆ.’ ಬಿಷಪ್ ಅದನ್ನು ಓದಿ ಶನಿವಾರ ಎಂದು ಗೊತ್ತು ಮಾಡಿದ. ಒಂಬತ್ತು ಗಂಡಸರು ಕೈಯೆತ್ತಿದರು. ಟೆನ್ನಿಯಲ್ಲಿ ಸಹಾಯ ಕೇಳಿದ ಮೇಲೆ ಅದನ್ನು ತಡೆಯುವುದು ಬೆಟ್ಟದಿಂದ ಇಳಿವ ನೀರನ್ನು ತಡೆದಷ್ಟೇ ಕಷ್ಟ.

ಮನೆಗೆ ಬಂದು ಅವಳು ಹೇಳಿದಳು: ‘ಶನಿವಾರ ಬರ್ತಾರೆ. ಬಾಯಿ ಅಗೆದು ಪೆಟ್ಟಿಗೆ ಕೂರಿಸ್ತಾರೆ.’

ಲವಾರ್ ತಲೆಯೆತ್ತಿದ. ‘ಹುಳು ಏನಾಗುತ್ತೆ?’

‘ನಾನೇನಾಗ್ತೀನಿ?’

ಇಂಥ ಪ್ರಶ್ನೆ ಕೇಳಿದಾಗ ಅವನು ಸಾಮಾನ್ಯವಾಗಿ ಮಲಗುತ್ತಿದ್ದ. ಅಂದು ಮಾತ್ರ ಮೇಜಿನ ಮುಂದೆ ಹಾಗೆಯೇ ಕುಳಿತಿದ್ದ. ‘ಎಷ್ಟು ಗಂಟೆಗೆ?’ ಎಂದು ಕೇಳಿದ.

‘ಏಳಕ್ಕೆ.’

‘ಅಷ್ಟು ಬೇಗ ಯಾಕೆ?’

ಶನಿವಾರ ಅವರು ಬಂದದ್ದು ಆರೂವರೆಗೆ. ಹೇಳಿದ ಹೊತ್ತಿಗಿಂತ ಮೊದಲು ಬರುವುದು ಅಲ್ಲಿನ ಮರ್ಯಾದೆ. ಲವಾರ್ ಮಲಗಿಯೇ ಇದ್ದ. ನೆಡ್ರಾ ಅವನನ್ನು ಎಬ್ಬಿಸಲಿಲ್ಲ, ಬೇಕೆಂದೇ ಎಬ್ಬಿಸಲಿಲ್ಲ. ಬಿಷಪ್ ಥೇನ್ ಅಗೆಯುವ ಯಂತ್ರವನ್ನು ಒರತೆಯ ಪಕ್ಕಕ್ಕೆ ತಂದು ನಿಲ್ಲಿಸಿದ. ಉಳಿದವರು ಉದ್ದ ಬೂಟು ಹಾಕಿಕೊಂಡು ನೀರಿಗಿಳಿದು, ಉದ್ದ ಹಿಡಿಗೆ ಕಬ್ಬಿಣದ ಹಲ್ಲು ಜೋಡಿಸಿದ ಹಲುಬೆಗಳಿಂದ ಸೊಪ್ಪು ಎಳೆದರು. ಮೂವತ್ತು ವರ್ಷದ ಸೊಪ್ಪು. ಬೇರುಸಹಿತ ಚಾಪೆಯಂತೆ ಎದ್ದು ಬಂತು. ಅರ್ಧ ಗಂಟೆಯಲ್ಲಿ ದಂಡೆಯ ಮೇಲೆ ಸೊಂಟದೆತ್ತರದ ಗುಡ್ಡೆಯಾಯಿತು. ನೀರು ಕದಡಿ ಕೆಂಪಾಯಿತು.

ಲವಾರ್ ಬಂದದ್ದು ಬರಿಗಾಲಿನಲ್ಲಿ, ಮಲಗುವ ಅಂಗಿಯಲ್ಲಿ. ಓಡಿ ಬಂದಿದ್ದ. ಅವನು ಓಡುವುದನ್ನು ಆ ಗಂಡಸರಲ್ಲಿ ಯಾರೂ ನೋಡಿರಲಿಲ್ಲವಾದ್ದರಿಂದ ಮನೆಗೆ ಬೆಂಕಿ ಬಿದ್ದಿದೆ ಎಂದುಕೊಂಡು ಇಬ್ಬರು ಮನೆಯ ಕಡೆ ನೋಡಿದರು. ಅವನು ಯಾರಿಗೂ ಏನೂ ಹೇಳದೆ ನೀರಿಗಿಳಿದು, ಒರತೆಯ ಬಾಯಿ ಎಲ್ಲಿದೆಯೋ ಸರಿಯಾಗಿ ಅಲ್ಲಿಗೆ ಹೋಗಿ, ಕುಳಿತುಬಿಟ್ಟ. ನೀರು ಎದೆಗೆ ಬಂತು.

ಥೇನ್ ಯಂತ್ರ ನಿಲ್ಲಿಸಿದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ‘ಲವಾರ್, ಏಳಪ್ಪ. ಬಟ್ಟೆ ಒದ್ದೆ ಆಗುತ್ತೆ.’

‘ಆಗಿದೆ.’

‘ನಮಗೆ ಕೆಲಸ ಇದೆ.’

‘ಮಾಡಿ. ನಾನೇನು ಅಡ್ಡ ಬಂದ್ನಾ? ಕೂತಿದ್ದೀನಿ ಅಷ್ಟೇ.’

‘ಇವ್ನು ಜನ್ಮದಲ್ಲಿ ಮೊದಲನೇ ಸಲ ಕೆಲಸದ ಜಾಗಕ್ಕೆ ಬಂದ,’ ಎಂದ ಹಲುಬೆ ಹಿಡಿದಿದ್ದವನೊಬ್ಬ. ‘ಬಂದು ಕೂತ್ಕೊಂಡ.’

ಎಲ್ಲರೂ ನಕ್ಕರು. ಲವಾರ್ ನಗಲಿಲ್ಲ. ಥೇನ್ ಟೋಪಿ ತೆಗೆದು ತಲೆ ಕೆರೆದುಕೊಂಡು ದಂಡೆಯ ಮೇಲೆ ಕುಕ್ಕರುಗಾಲಲ್ಲಿ ಕುಳಿತ.

‘ನಮ್ಮ ಒರತೇಲೂ ಇಂಥವೇ ಏನೋ ಇದ್ವು ಕಣೋ,’ ಎಂದ ಮೆಲ್ಲಗೆ. ‘ನಮ್ಮಜ್ಜಿ ಸೊಪ್ಪು ತೊಳೆಯುವಾಗ ತಳದಲ್ಲಿ ಉಳೀತಿತ್ತು. ಮರಳು ಅಂತ ಚೆಲ್ತಿದ್ವಿ.’ ಆಮೇಲೆ ನೆಡ್ರಾಳ ಕಡೆ ತಿರುಗಿದ. ‘ಸಿಸ್ಟರ್ ನೆಡ್ರಾ, ಕೇಳಿದ್ದು ನೀವು. ನೀವೇ ಹೇಳಿ. ಎಲ್ಲಿ ಅಗೀಲಿ?’

ಹತ್ತು ಜೊತೆ ಕಣ್ಣುಗಳು ಅವಳ ಮೇಲಿದ್ದವು. ನೆಡ್ರಾ ತಮ್ಮನನ್ನು ನೋಡಿದಳು. ಅರವತ್ತೊಂದು ವರ್ಷದ ಗಂಡಸು, ನೀರಿನಲ್ಲಿ ಕೂತ ಕೋಳಿಯಂತೆ. ಅವಳ ಭುಜ ಸಿಡಿಯುತ್ತಿತ್ತು. ಒಂದು ಮಾತು ಹೇಳಿದರೆ ನಾಲ್ಕು ಜನ ಅವನನ್ನು ಎತ್ತಿ ದಂಡೆಗಿಡುತ್ತಾರೆ, ಮಧ್ಯಾಹ್ನದ ಹೊತ್ತಿಗೆ ತೊಟ್ಟಿ ತುಂಬುತ್ತದೆ, ಲಾರಿ ಇನ್ನು ಬೇಡ.

‘ಹುಳು ಎಲ್ಲೀವರೆಗೆ ಇವೆ?’ ಎಂದು ಅವನನ್ನೇ ಕೇಳಿದಳು.

ಲವಾರ್ ನೀರಿನಿಂದ ಕೈಯೆತ್ತಿ ತೋರಿಸಿದ. ‘ಆ ಬೋಳು ಕಲ್ಲಿನವರೆಗೆ. ಅದರಾಚೆ ಇಲ್ಲ. ಎಲ್ಲಾ ಕಡೆ ನೋಡಿದ್ದೀನಿ.’

‘ಅಲ್ಲಿಂದ ಹಿಡಿದ್ರೆ ಮೇಲಿನ ತೊಟ್ಟಿಗೆ ನೀರು ಏರಲ್ಲ, ಸಿಸ್ಟರ್,’ ಎಂದ ಥೇನ್. ‘ತೊಟ್ಟೀನ ತಗ್ಗಿನ ಹುಲ್ಲುಗಾವಲಿಗೆ ಇಳಿಸಬೇಕು. ಹಸುಗಳನ್ನ ದಿನಾ ಬೆಳಗ್ಗೆ ಹೊಡ್ಕೊಂಡು ಹೋಗಿ ಸಂಜೆ ಹೊಡ್ಕೊಂಡು ಬರಬೇಕು. ಒಂದೂವರೆ ಮೈಲಿ.’

ನೆಡ್ರಾ ತಗ್ಗಿನವರೆಗಿನ ದಾರಿಯನ್ನು ಕಣ್ಣಲ್ಲೇ ಅಳೆದಳು. ‘ನಡೆಯೋಕೆ ಭುಜ ಬೇಕಾಗಲ್ಲ,’ ಎಂದಳು. ‘ಕಲ್ಲಿನ ಕೆಳಗೆ ಅಗೀರಿ.’

‘ಹಸು ಹೊಡೆಯೋದು ಯಾರು?’ ಎಂದ ಹಲುಬೆಯವನು ನಗುತ್ತ.

‘ನಾನು,’ ಎಂದ ಲವಾರ್.

ಈ ಸಲ ನಗು ಹೆಚ್ಚು ಹೊತ್ತು ನಡೆಯಿತು. ನೆಡ್ರಾಳೂ ಅದನ್ನು ನಂಬಲಿಲ್ಲ. ಅವನು ಯಾವ ಕೆಲಸವನ್ನು ಒಪ್ಪಿಕೊಂಡಿರಲಿಲ್ಲ?

ಕಲ್ಲಿನ ಕೆಳಗೆ ಅಗೆದರು, ಪೆಟ್ಟಿಗೆ ಕೂರಿಸಿದರು, ಕೊಳವೆ ಹಾಸಿದರು, ತೊಟ್ಟಿಯನ್ನು ಸರಪಣಿ ಕಟ್ಟಿ ಎಳೆದು ತಗ್ಗಿಗೆ ಇಳಿಸಿದರು. ಮೂರು ಗಂಟೆಗೆ ನೀರು ಬಂತು, ಮೊದಲು ಕೆಸರು, ಆಮೇಲೆ ತಿಳಿ. ಹೆಂಗಸರು ಬಂದು ದಂಡೆಯ ಮೇಲೆ ಬಟ್ಟೆ ಹಾಸಿ, ಚೀಸು ಸುರಿದು ಬೇಯಿಸಿದ ಆಲೂಗಡ್ಡೆ, ಹಸಿರು ಜೆಲ್ಲಿ, ಬಾಟಲಿಯ ಪೀಚು ಹಣ್ಣು ಬಡಿಸಿದರು. ಒಣ ಬಟ್ಟೆ ತೊಟ್ಟ ಲವಾರ್ ಎರಡು ಸಲ ಹಾಕಿಸಿಕೊಂಡು ತಿಂದ. ಬಿಷಪ್ ಒಂದು ಪ್ರಾರ್ಥನೆ ಹೇಳಿದ. ಲಾರಿಗಳು ಒಂದರ ಹಿಂದೊಂದು ದೂಳೆಬ್ಬಿಸಿಕೊಂಡು ಹೋದವು, ದೂಳು ಬಯಲಿನ ಮೇಲೆ ಬಹಳ ಹೊತ್ತು ನಿಂತಿತ್ತು.

ನೆಡ್ರಾ ತಟ್ಟೆಗಳನ್ನು ಮನೆಗೆ ಒಯ್ದು ತೊಳೆದಳು. ಥೇನನ ಹೆಂಡತಿಯ ಗಾಜಿನ ಪಾತ್ರೆಯೊಂದು ಲೆಕ್ಕಕ್ಕೆ ಸಿಗಲಿಲ್ಲ. ಅದನ್ನು ಹುಡುಕಿಕೊಂಡು ಮತ್ತೆ ಒರತೆಗೆ ಹೋದಾಗ ಬಿಸಿಲು ಹಳದಿಯಾಗಿತ್ತು. ತಮ್ಮ ದಂಡೆಯಲ್ಲೇ ಇದ್ದ. ಮಲಗಿದ್ದಾನೆ ಎಂದುಕೊಂಡು ಹತ್ತಿರ ಹೋದಳು.

ಅವನು ಸೊಪ್ಪಿನ ಗುಡ್ಡೆಯ ಮುಂದೆ ಮಂಡಿಯೂರಿದ್ದ. ಗುಡ್ಡೆಯ ಮೇಲೆ ತನ್ನ ಒದ್ದೆ ಅಂಗಿಯನ್ನೂ ಕಂಬಳಿಯನ್ನೂ ಹೊದಿಸಿದ್ದ, ಒಣಗದಂತೆ. ಗಾಜಿನ ಪಾತ್ರೆ ಪಕ್ಕದಲ್ಲಿತ್ತು. ಆಲೂಗಡ್ಡೆಯ ಜಿಡ್ಡು ಹೋಗುವಂತೆ ಯಾರೋ ಅದನ್ನು ಮರಳು ಹಾಕಿ ತಿಕ್ಕಿದ್ದರು, ಮತ್ತು ಅಲ್ಲಿ ಅವನಲ್ಲದೆ ಯಾರೂ ಇರಲಿಲ್ಲ. ಒಂದು ಕಡ್ಡಿ ಸೊಪ್ಪು ಎಳೆದು, ಎಲೆಯ ಮೇಲುಭಾಗ ಕೆಳಭಾಗ ಬೆಳಕಿಗೆ ಹಿಡಿದು ನೋಡಿ, ಪಾತ್ರೆಯ ನೀರಿನಲ್ಲಿ ಅದ್ದಿ ಅಲುಗಿಸಿ, ಬಿಡದೆ ಅಂಟಿಕೊಂಡಿದ್ದ ಹುಳುಗಳನ್ನು ಹುಲ್ಲಿನ ಎಸಳಿನಿಂದ ಬಿಡಿಸಿ, ಆ ಕಡ್ಡಿಯನ್ನು ಆಚೆಗಿಡುತ್ತಿದ್ದ. ಆಚೆಗಿಟ್ಟ ಕಡ್ಡಿಗಳು ಒಂದು ತೋಳಿನಷ್ಟಿದ್ದವು. ಗುಡ್ಡೆ ಇನ್ನೂ ಸೊಂಟದೆತ್ತರ ಇತ್ತು.

‘ಊಟಕ್ಕೆ ಬಾ,’ ಎಂದಳು ನೆಡ್ರಾ.

‘ನೀನು ತಿನ್ನು. ಈ ಕೆಲಸ ನಾಳೇನೂ ಇರುತ್ತೆ, ನಾಡಿದ್ದೂ ಇರುತ್ತೆ.’ ಅವನು ಪಾತ್ರೆಯನ್ನು ಎರಡು ಕೈಯಲ್ಲೂ ಎತ್ತಿ, ಮಂಡಿಯ ಮೇಲೆಯೇ ಸರಿದು ಹೋಗಿ, ಒರತೆಯ ಬಾಯಲ್ಲಿ ನಿಧಾನವಾಗಿ ಬಗ್ಗಿಸಿದ. ಹೊಸ ನೀರು ತುಂಬಿಕೊಂಡು ಬಂದು ಇನ್ನೊಂದು ಕಡ್ಡಿ ಎಳೆದ.